ತಬ್ಬಲಿ ಮಡಿ

ಬರಗಾಲ ತರಿಸುವುದು ನನ್ನ ಕೆಲಸ. ಏನು ಕೆಲಸ ಮಾಡ್ತೀರಿ ಎಂದು ಯಾರಾದರೂ ಕೇಳಿದರೆ ಹೀಗೆ ಹೇಳಿ ಅವರ ಮುಖ ನೋಡುವುದು ನನಗೊಂದು ಚಟ. ಕೆಲವರು ನಗುತ್ತಾರೆ, ಕೆಲವರು ಮಾತು ಬದಲಿಸುತ್ತಾರೆ. ನಗದವರನ್ನು ಕೂರಿಸಿಕೊಂಡು ವಿವರಿಸುವಷ್ಟು ತಾಳ್ಮೆ ನನಗೆ ಮೊದಲಿನಿಂದಲೂ ಇಲ್ಲ.

ತಿರುವನಂತಪುರದ ಶ್ರೀಕಾರ್ಯಂನಲ್ಲಿ ಬೆಳೆಗಳ ಮೇಲೆ ಸಂಶೋಧನೆ ನಡೆಸುವ ಸಂಸ್ಥೆಯೊಂದರಲ್ಲಿ ನಾನು ಮಣ್ಣಿನ ವಿಜ್ಞಾನಿ. ಹೆಸರು ಶ್ರೀವಿದ್ಯಾ, ವಯಸ್ಸು ನಲವತ್ತು ದಾಟಿದೆ, ಮದುವೆಯಾಗಿಲ್ಲ. ಆಗಬೇಕಿದ್ದ ವಯಸ್ಸಿನಲ್ಲಿ ನಾನು ಮಣ್ಣು ಜರಡಿ ಹಿಡಿಯುತ್ತಿದ್ದೆ, ಆಮೇಲೆ ಯಾರೂ ಕೇಳಲಿಲ್ಲ. ಕ್ಯಾಂಪಸ್ಸಿನ ಒಳಗೇ ಒಂದು ಕ್ವಾರ್ಟರ್ಸು, ಎರಡು ಕೋಣೆ, ಹಿಂದೆ ಒಂದು ಹಲಸಿನ ಮರ. ಹಗಲೆಲ್ಲ ಇಂಗ್ಲಿಷು, ಅಂಗಡಿಯಲ್ಲಿ ಮಲಯಾಳ. ಕನ್ನಡ ಬೇಕೆಂದರೆ ನಾನು ನನ್ನ ಜೊತೆಗೇ ಮಾತಾಡಿಕೊಳ್ಳಬೇಕು. ಕುಕ್ಕರಿಗೆ ಬೈಯುವುದು, ಕೀಲಿಕೈ ಎಲ್ಲಿ ಹಾಳಾಗಿ ಹೋಯಿತು ಎಂದು ಗೊಣಗುವುದು, ಇಷ್ಟೇ ನನ್ನ ಕನ್ನಡವಾಗಿತ್ತು.

ನನ್ನ ಪ್ರಯೋಗ ಶೇಂಗಾದ ಮೇಲೆ. ಶೇಂಗಾ ಹೂ ಬಿಡುವುದು ಮೇಲೆ, ಕಾಯಿ ಕಟ್ಟುವುದು ಮಣ್ಣೊಳಗೆ. ಹೂ ಬಾಡಿದ ಮೇಲೆ ಸೂಜಿಯಂಥದೊಂದು ಕುಡಿ ಕೆಳಗಿಳಿದು, ಮಣ್ಣು ಹೊಕ್ಕು, ಅಲ್ಲಿ ಕಾಯಾಗುತ್ತದೆ. ಆ ಕಾಯಿಗೆ ಸುಣ್ಣದ ಅಂಶ ಬೇಕು. ಅದನ್ನು ಬೇರು ತಂದುಕೊಡುವುದಿಲ್ಲ. ತನ್ನ ಸುತ್ತಲಿನ ಮಣ್ಣಿನಿಂದ ಕಾಯಿ ತಾನೇ ಹೀರಿಕೊಳ್ಳಬೇಕು. ಅದಕ್ಕೆ ಮಣ್ಣಿನಲ್ಲಿ ತೇವವೂ ಇರಬೇಕು, ಸುಣ್ಣವೂ ಇರಬೇಕು. ಒಂದಿದ್ದು ಒಂದಿಲ್ಲದಿದ್ದರೆ ಗಿಡ ಮೇಲೆ ಹಸಿರಾಗಿ ನಳನಳಿಸುತ್ತದೆ, ಕಿತ್ತು ನೋಡಿದರೆ ಕಾಯಿ ಜೊಳ್ಳು. ಇಲ್ಲಿಯ ಕೆಂಪು ಮುರಕಲ್ಲು ಮಣ್ಣು ನೋಡಲು ಚೆಂದ, ಮಳೆಗೆ ತೊಳೆದುಹೋಗಿ ಒಳಗೆ ಏನೂ ಉಳಿದಿಲ್ಲದ ಬಡಮಣ್ಣು. ಹಾಗಾಗಿ ಹೊಲವನ್ನು ಸಣ್ಣ ಸಣ್ಣ ಮಡಿಗಳಾಗಿ ಕಟ್ಟಿ, ಅರ್ಧ ಮಡಿಗಳಿಗೆ ಕಾಂಪೋಸ್ಟು, ಸುಣ್ಣದ ಅಂಶವಿರುವ ಜಿಪ್ಸಂ ಕೊಟ್ಟು ಸಾಕುತ್ತಿದ್ದೆ. ಉಳಿದರ್ಧಕ್ಕೆ ಏನೂ ಇಲ್ಲ. ಕಾಯಿ ಕಟ್ಟುವ ಹೊತ್ತಿಗೆ, ಹೋಲಿಸಿ ನೋಡಲು ಪಕ್ಕದಲ್ಲಿ ಬಿಟ್ಟ ಕೆಲವನ್ನುಳಿದು ಎಲ್ಲಕ್ಕೂ ನೀರು ನಿಲ್ಲಿಸಿ, ಸಾಕಿದ ಮಣ್ಣು ಬರವನ್ನು ಎಷ್ಟು ತಡೆಯುತ್ತದೆ ಎಂದು ನೋಡುವುದು ಕೆಲಸ. ಎರಡು ಬೇಸಿಗೆ ಚೆನ್ನಾಗಿ ತಡೆದಿತ್ತು. ಮೂರನೆಯದೂ ಹಾಗೇ ಆದರೆ ಮಾತ್ರ ನಾಲ್ಕು ಜನರ ಮುಂದೆ ಬಾಯಿಬಿಡಬಹುದು.

ನೀರು ನಿಲ್ಲಿಸುವುದು ಸುಲಭ, ಕೇರಳದಲ್ಲಿ ಮಳೆಯನ್ನು ನಿಲ್ಲಿಸುವುದೇ ಪೀಕಲಾಟ. ಬೇಸಿಗೆಯಲ್ಲೂ ಮಧ್ಯಾಹ್ನದ ಮೇಲೆ ಹೇಳದೆ ಕೇಳದೆ ಬಂದು ಸುರಿದು ಹೋಗುತ್ತದೆ. ಅದಕ್ಕೇ ಮಡಿಗಳ ಮೇಲೆ ಕಬ್ಬಿಣದ ಪೈಪಿನ ಚೌಕಟ್ಟು ನಿಲ್ಲಿಸಿ, ಸುತ್ತಿಡುವಂಥ ಪ್ಲಾಸ್ಟಿಕ್ ಹಾಳೆ ಹಾಕಿಸಿದ್ದೆ. ಬಿಸಿಲಿದ್ದಾಗ ತೆರೆದಿಡಬೇಕು. ಮೋಡ ಕವಿದರೆ ಹಗ್ಗ ಎಳೆದು ಮುಚ್ಚಬೇಕು. ವಾರದ ದಿನಗಳಲ್ಲಿ ತೋಟದ ಕೆಲಸದವರು ಎಳೆಯುತ್ತಿದ್ದರು, ಭಾನುವಾರ ಮತ್ತು ರಜೆಯ ದಿನ ನಾನು.

ಆ ಭಾನುವಾರಗಳ ನೆಪ ಹಿಡಿದೇ ನಾನು ಅಪ್ಪನನ್ನು ಕರೆತಂದದ್ದು.

ಅಪ್ಪ ರುದ್ರಪ್ಪ ಚಳ್ಳಕೆರೆ ಕಡೆಯವನು, ಆಯಸ್ಸೆಲ್ಲ ಶೇಂಗಾ ಬೆಳೆದವನು. ಅಮ್ಮ ಹೋದ ಮೇಲೆ ಊರ ಮನೆಯಲ್ಲಿ ಚಿಕ್ಕಪ್ಪನ ಮಕ್ಕಳು, ಮೊಮ್ಮಕ್ಕಳು ಎಲ್ಲ ಇದ್ದರೂ ಅಪ್ಪ ಊಟ ಬಿಟ್ಟು ಕೂತಿದ್ದ. ನನ್ನ ತಮ್ಮ ಸುಮಂತ್ ಹೋಗಿ ಅವನನ್ನು ಕೊಚ್ಚಿಗೆ ಕರೆದುಕೊಂಡು ಬಂದ. ಸುಮಂತ್ ಅಲ್ಲಿ ಬ್ಯಾಂಕಿನಲ್ಲಿದ್ದಾನೆ, ಹೆಂಡತಿಯೂ ಬ್ಯಾಂಕು. ಕಲೂರಿನಲ್ಲಿ ಏಳನೇ ಮಹಡಿಯ ಮನೆ. ಅಪ್ಪ ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಂಡು ಸ್ಟೇಡಿಯಮ್ಮನ್ನೂ ಮೆಟ್ರೋ ರೈಲನ್ನೂ ನೋಡುತ್ತಿದ್ದ. ಮೊಮ್ಮಗಳು ಮೇಧಾಗೆ ಅಜ್ಜನ ಮಾತೆಲ್ಲ ಅರ್ಥವಾಗುತ್ತಿತ್ತು, ಆದರೆ ಉತ್ತರ ಕೊಡುವುದು ಮಲಯಾಳದಲ್ಲಿ. "ನಂದು ಆಕಾಶವಾಣಿ ಆಗೈತೆ ಕಣವ್ವಾ. ನಾನು ಹೇಳೋದು ಅವರಿಗೆ ಕೇಳುಸ್ತೈತೆ, ಅವರು ಹೇಳೋದು ನಂಗೆ ಕೇಳ್ಸಲ್ಲ" ಎಂದು ಫೋನಿನಲ್ಲಿ ನಗುತ್ತಿದ್ದ. ನಕ್ಕ ಮೇಲೂ ಫೋನ್ ಇಡಲು ಇಬ್ಬರಿಗೂ ಮನಸ್ಸು ಬರುತ್ತಿರಲಿಲ್ಲ.

ನನ್ನ ಮನೆಗೆ ಬಂದಿರು ಎಂದು ನಾನು ಎಷ್ಟು ಸಲ ಕರೆದರೂ ಅಪ್ಪ ಬರಲಿಲ್ಲ. ಮಗಳ ಮನೆಯಲ್ಲಿ ಸುಮ್ಮನೆ ಕೂತು ಉಣ್ಣುವುದು ಅವನಿಂದಾಗದು. ಮಗನ ಮನೆಯಲ್ಲೇ ಅದು ಕಷ್ಟವಾಗಿತ್ತು. ಆಗ ನಾನು ಉಪಾಯ ಹೂಡಿದೆ. "ಅಪ್ಪಾ, ಭಾನುವಾರ ಭಾನುವಾರ ನಂಗೆ ಪ್ಲಾಟು ಕಾಯೋಕೆ ಜನ ಇಲ್ಲ, ಮಳೆ ಬಂದ್ರೆ ನನ್ನ ಕಥೆ ಮುಗೀತು" ಎಂದೆ. ಮುಂದಿನ ಶನಿವಾರವೇ ಸುಮಂತ್ ಅವನನ್ನು ರೈಲಿನಲ್ಲಿ ಕರೆತಂದು ಬಿಟ್ಟ. ಬಂದವನೇ ಕೈಕಾಲು ತೊಳೆಯದೆ, "ಎಲ್ಲೈತೆ ಹೊಲ?" ಎಂದ.

ಹೊಲ ತೋರಿಸಿದೆ. ತೋರಿಸಿ, ಏನು ಮಾಡುತ್ತಿದ್ದೇನೆ ಎಂದೂ ಹೇಳಿದೆ. ಅಪ್ಪ ಚೌಕಟ್ಟನ್ನು ನೋಡಿದ, ಹಗ್ಗ ನೋಡಿದ, ಆಮೇಲೆ ನನ್ನನ್ನು ನೋಡಿದ.

"ಅಲ್ಲವ್ವಾ, ಬರಗಾಲನ ಯಾರಾನ ಕೈಯಾರೆ ಮಾಡ್ತಾರಾ?"

"ಮಾಡಿದ್ರೆ ತಾನೇ ತಡಿಯೋದು ಹೆಂಗೆ ಅಂತ ಗೊತ್ತಾಗೋದು?"

"ಗೊತ್ತಾದ ಮ್ಯಾಲೆ?"

"ಆಮೇಲೆ ರೈತರಿಗೆ ಹೇಳ್ತೀವಿ."

"ಸರಿ ಬಿಡು," ಎಂದ. ಸ್ವಲ್ಪ ದೂರ ಹೋಗಿ, ಹಿಂದಿರುಗಿ ನೋಡದೆಯೇ, "ನಮ್ಮೂರಿಗೆ ಬಂದಿದ್ರೆ ಪುಗಸಟ್ಟೆ ಸಿಗ್ತಿತ್ತು" ಎಂದು ಸೇರಿಸಿದ.

ಅಪ್ಪ ಬಂದ ಮೇಲೆ ಮನೆ ಮನೆಯಾಯಿತು. ಇದನ್ನು ಅಲಂಕಾರಕ್ಕೆ ಹೇಳುತ್ತಿಲ್ಲ. ಸಂಜೆ ಬಾಗಿಲು ತೆಗೆಯಲು ಒಳಗೊಬ್ಬರಿದ್ದರು. ರಾಗಿಹಿಟ್ಟು ತರಿಸಿ ಮುದ್ದೆ ಮಾಡಿದೆ, ಮೊದಲ ದಿನ ಗಂಟುಗಂಟಾಯಿತು, ಅಪ್ಪ ಗಂಟುಗಳನ್ನು ತಟ್ಟೆಯಂಚಿಗೆ ಸಾಲಾಗಿ ಜೋಡಿಸಿ ನನಗೆ ತೋರಿಸಿದ. ನಾನು ಮುಖ ಊದಿಸಿಕೊಂಡೆ. ಆಮೇಲೆ ಇಬ್ಬರೂ ನಕ್ಕೆವು. ಆಫೀಸಿನಲ್ಲಿ ನಡೆದದ್ದನ್ನೆಲ್ಲ ಅವನಿಗೆ ಒಪ್ಪಿಸತೊಡಗಿದೆ, ಯಾರು ಯಾರ ಮೇಲೆ ಕತ್ತಿ ಮಸೆಯುತ್ತಿದ್ದಾರೆ ಎಂಬುದು ಸಮೇತ. ಅವನು "ಹೌದಾ? ಅಂಗಂದ್ಲಾ?" ಎಂದು ಹೂಂಗುಟ್ಟುತ್ತಿದ್ದ. ಬಾಯಿಗೆ ಇಷ್ಟೊಂದು ಮಾತು ಎಲ್ಲಿತ್ತೋ ಎಂದು ನನಗೇ ಆಶ್ಚರ್ಯ. ಅಪ್ಪ ಇಲ್ಲೇ ಇದ್ದುಬಿಡಲಿ ಎಂದು ಆಸೆಪಟ್ಟೆ. ಪ್ರಯೋಗ, ಪೇಪರು, ಬಡ್ತಿ ಎಲ್ಲ ಇದ್ದವು. ಆದರೆ ದೇವರು ಎದುರು ನಿಂತು ಕೇಳಿದ್ದರೆ ನಾನು ಕೇಳುತ್ತಿದ್ದದ್ದು ಅದೊಂದನ್ನೇ.

ಅಪ್ಪ ಭಾನುವಾರದ ಕೆಲಸವನ್ನು ದಿನಾ ಮಾಡತೊಡಗಿದ. ಬೆಳಿಗ್ಗೆ ಹಾಲಿಲ್ಲದ ಕಟ್ಟನ್ ಚಾಯ ಕುಡಿದು, ಟವೆಲ್ಲು ಹೆಗಲಿಗೆ ಹಾಕಿಕೊಂಡು ಹೋಗಿ ಮಡಿಗಳ ಪಕ್ಕ ಕೂರುತ್ತಿದ್ದ. ತೋಟದ ಹೆಂಗಸರು ಅಜ್ಜನನ್ನು ಕರೆಯುವ ಹಾಗೆ "ಅಪ್ಪೂಪ್ಪಾ" ಎಂದು ಕರೆದು ತಮ್ಮ ಬುತ್ತಿಯ ಕಪ್ಪ ಕೊಡುತ್ತಿದ್ದರು. ಬೇಯಿಸಿದ ಮರಗೆಣಸು ಅವನ ಗಂಟಲಲ್ಲಿ ಇಳಿಯದಿದ್ದರೂ ತಿನ್ನುತ್ತಿದ್ದ. ಎರಡು ಮೂರು ಸಲ ಮೋಡ ಬಂದು ಹೆದರಿಸಿತು. ಅಪ್ಪ ಯಾರಿಗೂ ಕಾಯದೆ ಹಗ್ಗ ಎಳೆದು ಮುಚ್ಚಿದ, ಮಳೆ ಬರಲಿಲ್ಲ, ಮತ್ತೆ ತೆರೆದ. ಪರವಾಗಿಲ್ಲ, ನೆಚ್ಚಬಹುದು ಎಂದು ನಾನು ನಿರಾಳವಾದೆ.

ಗೋಡೆಯ ಪಕ್ಕದ ಮಡಿಯೊಂದರ ಮೇಲೆ ಅವನಿಗೆ ಮೊದಲ ದಿನದಿಂದ ಕಣ್ಣು. ಗೊಬ್ಬರ ಕಾಣದ ಮಡಿಗಳಲ್ಲಿ ಅದೇ ಕಡೆಯದು. ಮಧ್ಯಾಹ್ನದ ಬಿಸಿಲಿಗೆ ಗೋಡೆಯ ಕಾವೂ ಸೇರಿ ಎಲ್ಲಕ್ಕಿಂತ ಮೊದಲು ಅದರ ಎಲೆ ಮಡಚಿಕೊಳ್ಳುತ್ತಿತ್ತು. ಅಪ್ಪ ಅದಕ್ಕೆ ತಬ್ಬಲಿ ಮಡಿ ಎಂದು ಹೆಸರಿಟ್ಟ.

"ಅದಕ್ಕೊಂದು ಚೊಂಬು ನೀರು ಹುಯ್ದ್ರೆ ನಿನ್ನ ಗಂಟೇನು ಹೋಗ್ತೈತೆ?"

"ಪ್ರಯೋಗ ಹೋಗ್ತೈತೆ."

"ಒಂದು ಚೊಂಬು!"

"ಅಪ್ಪಾ, ಅದಕ್ಕೆ ನೀರು ಕೊಟ್ರೂ ಆಗಲ್ಲ. ಪಕ್ಕದಾಗೆ ನೀರು ಹಾಯಿಸಿ ಬೆಳೆಸಿರೋ ಮಡಿಗಳಿದಾವೆ ನೋಡು, ಹೋದ ವರ್ಷ ಗೊಬ್ಬರ ಇಲ್ದಿದ್ದು ಅಲ್ಲೂ ಜೊಳ್ಳೇ ಆಗಿತ್ತು. ಮಣ್ಣಿನಾಗೆ ಸತ್ವ ಇಲ್ಲ ಅಂದ್ಮೇಲೆ ನೀರು ಏನ್ ಮಾಡ್ತೈತೆ?"

ಅಪ್ಪ ಒಪ್ಪಲಿಲ್ಲ. ಒಪ್ಪುವುದಾದರೂ ಹೇಗೆ? ಬದುಕೆಲ್ಲ ಆಕಾಶ ನೋಡಿ ಕಳೆದವನಿಗೆ ನೆಲ ನೋಡು ಎಂದರೆ ತಲೆಗೆ ಹೋಗುವುದಿಲ್ಲ. "ಮಳೆ ಬಂದ್ರೆ ಎಲ್ಲ ಬತ್ತೈತೆ" ಎಂದು ಎದ್ದು ಹೋದ. ನಾನೂ ಬಿಟ್ಟೆ. ತಜ್ಞರ ಸಭೆಯಲ್ಲಿ ವಾದ ಮಾಡುವ ಹಾಗೆ ಮನೆಯಲ್ಲಿ ಮಾಡಿದರೆ ಊಟ ಯಾರು ಮಾಡುತ್ತಾರೆ.

ವಿಷು ಹಬ್ಬದ ದಿನ ಕ್ಯಾಂಪಸ್ಸಿನಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ನನ್ನ ಜೊತೆ ಕೆಲಸ ಮಾಡುವವಳೊಬ್ಬಳು ಉಳ್ಳೂರಿನ ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿಸಿಕೊಂಡು ಮಲಗಿದ್ದಳು. ಹಬ್ಬದ ದಿನ ಅವಳನ್ನು ನೋಡಲು ಹೋಗುವವರು ನನ್ನಂಥ ಮನೆಮಠವಿಲ್ಲದವರೇ. ಕೋಸಂಬರಿ, ಪಾಯಸ ಮಾಡಿ ಅಪ್ಪನಿಗೆ ಬಡಿಸಿ ಹೊರಟೆ. ಆಕಾಶ ಬೆಳ್ಳಗಿತ್ತು. "ಮೋಡ ಆದ್ರೆ ಎಳೀತೀಯಲ್ಲ?" ಎಂದದ್ದಕ್ಕೆ, "ಇದೇನು ಹೊಸದಾ? ಹೋಗಿ ಬಾ" ಎಂದ.

ಮಧ್ಯಾಹ್ನ ಮೂರರ ಮೇಲೆ ಆಸ್ಪತ್ರೆಯಿಂದ ಹೊರಬರುವಾಗ ಪೂರ್ವದಲ್ಲಿ ಕಪ್ಪು ಮೋಡ ಕಟ್ಟಿತ್ತು. ಉಳ್ಳೂರು ಜಂಕ್ಷನ್ನಿಗೆ ಬರುವಷ್ಟರಲ್ಲಿ ಗಾಳಿ, ಹಿಂದೆಯೇ ದಪ್ಪ ದಪ್ಪ ಹನಿ. ಅಪ್ಪನಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಹಾಳೆ ಎಳೆಯುತ್ತಿರಬೇಕು ಎಂದುಕೊಂಡೆ. ಮತ್ತೆ ಮಾಡಿದೆ. ಆಟೋ ಸಿಗಲಿಲ್ಲ, ಸಿಕ್ಕಿದವನು ಆ ಮಳೆಗೆ ಬರಲು ಒಪ್ಪಲಿಲ್ಲ, ಒಪ್ಪಿದವನು ಇರುವೆಯ ಹಾಗೆ ಹೋದ. ಹತ್ತಿರದ ದಾರಿ ಅದು. ಆದರೂ ಜೀವ ಬಾಯಿಗೆ ಬಂತು.

ಗೇಟಿನಿಂದಲೇ ಕಂಡಿತು. ಹಾಳೆ ಸುತ್ತಿದಂತೆಯೇ ಇತ್ತು. ಚೌಕಟ್ಟಿನ ಕೆಳಗೆ ಎಲ್ಲ ಮಡಿಗಳ ಮೇಲೂ ಮಳೆ ಧೋ ಎಂದು ಸುರಿಯುತ್ತಿತ್ತು. ಅಪ್ಪ ಹಗ್ಗದ ಕಂಬದ ಪಕ್ಕದಲ್ಲೇ ನಿಂತಿದ್ದ. ಬಿದ್ದಿರಲಿಲ್ಲ, ಮೂರ್ಛೆ ಹೋಗಿರಲಿಲ್ಲ, ಬೆಚ್ಚಗೆ ಎಲ್ಲೋ ನಿದ್ದೆ ಹೋಗಿರಲಿಲ್ಲ. ಅದರಲ್ಲಿ ಯಾವುದಾಗಿದ್ದರೂ ನನಗೆ ಸಿಟ್ಟು ಬರುತ್ತಿರಲಿಲ್ಲ. ಹಗ್ಗ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು, ಎಳೆಯದೆ, ತಲೆಯಿಂದ ನೀರಿಳಿಯುತ್ತ ಸುಮ್ಮನೆ ನಿಂತಿದ್ದ. ಮುಖದಲ್ಲಿ ನಾನು ಚಿಕ್ಕವಳಾಗಿದ್ದಾಗ ಕಂಡ ನಗುವಿತ್ತು.

"ನೋಡವ್ವಾ," ಎಂದ, "ತಬ್ಬಲಿ ಮಡಿ ಎಲೆ ಬಿಚ್ತಾ ಐತೆ."

ನಾನು ಅವನ ಕೈಯಿಂದ ಹಗ್ಗ ಕಿತ್ತುಕೊಂಡು ಎಳೆದೆ. ಯಾಕೆ ಎಳೆದೆನೋ. ಅಷ್ಟರಲ್ಲಿ ಮಡಿಗಳ ನಡುವೆ ನೀರು ಹರಿಯುತ್ತಿತ್ತು.

"ಮೂರು ವರ್ಷ ಅಪ್ಪಾ! ಮೂರು ವರ್ಷದ ಕೆಲಸ! ಒಂದು ಹಗ್ಗ ಎಳಿಯಕ್ಕೆ ಆಗ್ಲಿಲ್ವಾ ನಿಂಗೆ?"

"ಎಳಿಯಾನ ಅಂತ ಬಿಚ್ಚಿದೆ ಕಣವ್ವಾ." ಅವನ ನಗು ಮೆಲ್ಲಗೆ ಹೋಯಿತು. "ಕೈ ಬರ್ಲಿಲ್ಲ. ಕಾಯಿ ಕಟ್ಟೋ ಟೈಮ್ನಾಗೆ ಬಂದ ಮಳೇನ ಬ್ಯಾಡ ಅನ್ನಕ್ಕೆ ನನ್ನ ಕೈಯಾಗ ಆಗ್ಲಿಲ್ಲ. ಎಷ್ಟು ವರ್ಷ ಕಾದಿದೀನಿ ಇಂಥ ಮಳೆಗೆ. ಒಂದ್ಸಲಾನೂ ಬಂದಿರ್ಲಿಲ್ಲ."

ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಸುಮ್ಮನಾಗುತ್ತಿದ್ದರು. ನಾನು ಆಗಲಿಲ್ಲ. "ನಿನ್ನನ್ನ ಕರ್ಕೊಂಡ್ ಬಂದಿದ್ದೇ ತಪ್ಪು" ಎಂದುಬಿಟ್ಟೆ. ಅಪ್ಪ ಟವೆಲ್ಲು ಹಿಂಡಿ, ಕೊಡವಿ, ಹೆಗಲಿಗೆ ಹಾಕಿಕೊಂಡು ಮನೆಯ ಕಡೆ ಹೋದ. ಆ ಮಾತನ್ನು ವಾಪಸು ತೆಗೆದುಕೊಳ್ಳಲು ಮನೆಯ ಬಾಗಿಲ ತನಕ ದಾರಿಯಿತ್ತು. ನಾನು ಮಳೆ ಎಷ್ಟು ಬಿದ್ದಿದೆ ಎಂದು ಅಳತೆ ಜಾಡಿಯನ್ನು ನೋಡಲು ಹೋದೆ.

ಎರಡು ದಿನ ಮನೆಯಲ್ಲಿ ಮಾತು "ಊಟ", "ಹೂಂ", "ಸ್ನಾನಕ್ಕೆ ನೀರಿದೆ" ಇಷ್ಟಕ್ಕೆ ಇಳಿಯಿತು. ಅಪ್ಪ ಮಡಿಗಳ ಹತ್ತಿರ ಹೋಗಲಿಲ್ಲ. ಮೂರನೆಯ ದಿನ ಸುಮಂತ್ ಬಂದ. ಅಪ್ಪನೇ ಫೋನ್ ಮಾಡಿ ಕರೆಸಿಕೊಂಡಿದ್ದಾನೆಂದು ಆಗಲೇ ನನಗೆ ತಿಳಿದದ್ದು. ಹೊರಡುವಾಗ ಚಪ್ಪಲಿ ಮೆಟ್ಟುತ್ತ ಅಪ್ಪ, "ಅದು ಕಿತ್ತಾಗ ಹೇಳವ್ವಾ" ಎಂದ. ಯಾವುದು ಎಂದು ನಾನು ಕೇಳಬೇಕಾಗಿರಲಿಲ್ಲ. "ಹೇಳ್ತೀನಿ" ಎಂದೆ. ಹೋಗಬೇಡ ಎನ್ನುವ ಒಂದು ಮಾತು ಬಾಕಿಯಿತ್ತು. ಅದು ಆ ಹೊತ್ತಿಗೆ ಹೊರಬಂದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಮಳೆ ಬಿದ್ದದ್ದನ್ನು ಆಫೀಸಿಗೆ ಬರೆದು ತಿಳಿಸಿದೆ. ಯೋಜನೆಯ ಹಿರಿಯರೊಬ್ಬರು ಫೋನ್ ಮಾಡಿದರು. ಒಳ್ಳೆಯವರು. ಅಂಚಿನ ಒಂದೆರಡು ಮಡಿಗಳು ತುಸು ನೆನೆದವು ಎಂದು ಬರೆದರಾಯಿತಲ್ಲ, ಹಬ್ಬದ ದಿನ ಯಾರು ನೋಡಿದ್ದಾರೆ ಎಂದರು. ನಾನು ನೋಡಿದ್ದೇನೆ ಎಂದೆ. ಹೀಗೆಂದದ್ದು ದೊಡ್ಡ ಸತ್ಯಸಂಧತೆಯಿಂದಲ್ಲ. ಇಲ್ಲದ್ದನ್ನು ಇದೆ ಎಂದು ಬರೆಯಲು ನನಗೆ ಬರುವುದಿಲ್ಲ, ಅಷ್ಟೇ. ಕೆಲವರಿಗೆ ಈಜು ಬರುವುದಿಲ್ಲವಲ್ಲ, ಹಾಗೆ. ಅವರು ನಿಟ್ಟುಸಿರುಬಿಟ್ಟು, ಹಾಗಾದರೆ ಮುಂದಿನ ಬೇಸಿಗೆ ಇನ್ನೊಂದು ಸಲ ಮಾಡು ಎಂದು ಒಂದು ವರ್ಷ ಮುಂದೂಡಿದರು.

ಆಮೇಲಿನ ದಿನಗಳನ್ನು ನೆನೆಸಿಕೊಳ್ಳಲು ಇಷ್ಟವಿಲ್ಲ. ರಾಗಿಹಿಟ್ಟಿನ ಡಬ್ಬಿಯಲ್ಲಿ ಹುಳ ಬಿದ್ದು ಚೆಲ್ಲಿದೆ. ಸಂಜೆ ಬೀಗ ತೆಗೆದು ಒಳಗೆ ಬಂದು, ದೀಪ ಹಾಕದೆ ಕೂತಿರುತ್ತಿದ್ದೆ. ಮೊದಲೂ ಒಬ್ಬಳೇ ಇದ್ದೆ, ಆಗ ಅದು ಹೀಗೆ ಕಾಡುತ್ತಿರಲಿಲ್ಲ. ಒಂದು ಬೇಸಿಗೆ ಮಾತಾಡಿ ಬಾಯಿಗೆ ರುಚಿ ಹತ್ತಿತ್ತು. ಕೊಚ್ಚಿಗೆ ಫೋನ್ ಮಾಡಿದರೆ ಸುಮಂತ್ ಎತ್ತುತ್ತಿದ್ದ. "ಅಪ್ಪ ಹೆಂಗಿದಾನೆ?" "ಇದಾನೆ, ಊಟ ಸೇರ್ತಿಲ್ಲ. ಶ್ರೀವಿದ್ಯಾ ಶೇಂಗಾ ಕಿತ್ಲಾ ಅಂತ ದಿನಾ ಕೇಳ್ತಾನೆ. ಕೊಡ್ಲಾ?" "ಬೇಡ ಬಿಡು, ಕಿತ್ತ ಮೇಲೆ ಮಾಡ್ತೀನಿ." ಫೋನಿನಲ್ಲಿ ಕ್ಷಮೆ ಕೇಳುವುದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಮತ್ತೆ ಬಾ ಎಂದು ಕರೆಯಲು ಮನಸ್ಸು ತುಡಿಯುತ್ತಿತ್ತು, ಯಾವ ಮುಖ ಇಟ್ಟುಕೊಂಡು ಕರೆಯಲಿ?

ಮೇ ಕೊನೆಯಲ್ಲಿ ಕಿತ್ತೆವು. ತಬ್ಬಲಿ ಮಡಿಯನ್ನು ನಾನೇ ಕಿತ್ತೆ. ಆ ಮಳೆ ಕುಡಿದು ಗಿಡ ದಟ್ಟವಾಗಿ ಬೆಳೆದಿತ್ತು, ನೋಡಿದರೆ ಯಾರಾದರೂ ಭೇಷ್ ಎನ್ನಬೇಕು. ಬುಡ ಹಿಡಿದು ಎಳೆದು ಮಣ್ಣು ಕೊಡವಿದೆ. ಕಾಯಿಗಳೂ ಇದ್ದವು. ಒಂದನ್ನು ಹೆಬ್ಬೆರಳಿನಿಂದ ಒತ್ತಿದೆ, ಟಪ್ ಎಂದು ಒಡೆಯಿತು. ಒಳಗೆ ಏನೂ ಇಲ್ಲ. ಇನ್ನೊಂದು. ಅದೂ ಅಷ್ಟೇ. ಬಿಸಿಲಲ್ಲಿ ಕೂತು ಮಡಿಯ ಕಾಯಿಯೆಲ್ಲ ಒತ್ತಿ ನೋಡಿದೆ. ಎಲ್ಲೋ ಒಂದೆರಡರಲ್ಲಿ ಸುಕ್ಕುಬಿದ್ದ ಕಾಳು ಸಿಕ್ಕಿತು. ಹೀಗೇ ಆಗುತ್ತದೆಂದು ನನಗೆ ಗೊತ್ತಿತ್ತು, ಅಪ್ಪನಿಗೆ ಬಾಯಿಬಿಟ್ಟು ಹೇಳಿಯೂ ಇದ್ದೆ. ಆದರೂ ಈ ಒಂದು ಸಲ ನನ್ನ ಶಾಸ್ತ್ರ ಸುಳ್ಳಾಗಬಾರದಿತ್ತೇ ಎಂದು ಅಳು ಬಂತು.

ಸಾಕಿದ ಮಡಿಗಳಲ್ಲಿ ಕಾಯಿ ಗಟ್ಟಿಯಾಗಿ ತುಂಬಿಕೊಂಡಿತ್ತು. ಅದರಲ್ಲೇ ಒಂದು ಚೀಲ ತುಂಬಿಸಿಕೊಂಡು, ಬರುತ್ತೇನೆಂದಷ್ಟೇ ಸುಮಂತನಿಗೆ ತಿಳಿಸಿ, ಶನಿವಾರ ಕೊಚ್ಚಿಯ ರೈಲು ಹತ್ತಿದೆ. ಮೋಸ ಮಾಡುವ ಉದ್ದೇಶವೇನೂ ಇರಲಿಲ್ಲ. ತಮ್ಮನ ಮನೆಗೆ ಹೋಗುವಾಗ ಜೊಳ್ಳು ಕಾಯಿ ಯಾರು ಒಯ್ಯುತ್ತಾರೆ? ಎದುರೆದುರು ಕೂತು ತಪ್ಪಾಯ್ತು ಅನ್ನಬೇಕು, ಕರೆಯಬೇಕು, ಬರಲ್ಲ ಅಂದರೆ ಕಾಲಿಗೆ ಬೀಳಬೇಕು ಎಂದು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಮಾತು ಜೋಡಿಸಿಕೊಂಡೆ.

ಬಾಗಿಲು ತೆಗೆದದ್ದು ಅಪ್ಪನೇ. ಇಳಿದುಹೋಗಿದ್ದ, ಗಲ್ಲದ ಮೂಳೆ ಎದ್ದು ಕಾಣುತ್ತಿತ್ತು. ಒಳಗೆ ಬಾ ಎನ್ನಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ನಿಂತು ನನ್ನ ಕೈಯಲ್ಲಿದ್ದ ಚೀಲವನ್ನೇ ನೋಡಿದ.

"ಕಿತ್ತೆಯಾ?"

"ಹೂಂ."

"ತಬ್ಬಲೀದು ತುಂಬಿದ್ವಾ?"

ಇಂಥ ಕಣ್ಣು ನಾನು ಆಸ್ಪತ್ರೆಯಲ್ಲಿ, ಡಾಕ್ಟರ ಬಾಯನ್ನೇ ನೋಡುತ್ತ ನಿಂತವರಲ್ಲಿ ಕಂಡಿದ್ದೆ. "ತುಂಬಿದಾವೆ ಅಪ್ಪಾ" ಎಂದೆ. ಈಜು ಬರದವಳು ನೀರಿಗೆ ಬಿದ್ದಂತಾಯಿತು. ಆದರೆ ಮುಳುಗಲಿಲ್ಲ. "ಭರ್ತಿ ತುಂಬಿದಾವೆ. ಇವೆಲ್ಲ ಅದರವೇ."

ಅಪ್ಪ ಚೀಲ ಇಸಿದುಕೊಂಡು ನೆಲದ ಮೇಲೇ ಕೂತ. ಒಂದು ಕಾಯಿ ಒಡೆದ. ಕೆಂಪು ಕಾಳು ಎರಡೂ ಅಂಗೈ ಮೇಲೆ ಬಿದ್ದವು. ಅದನ್ನು ಸುಮಂತನಿಗೆ ತೋರಿಸಿದ, ಮೇಧಾಳನ್ನು ಕೂಗಿ ತೋರಿಸಿದ. "ನೋಡ್ದೇನ್ಲಾ ಸುಮಂತಾ? ನಿಮ್ಮಕ್ಕ ಮಳೆ ಬಂದ್ರೂ ಆಗಲ್ಲ ಅಂದಿದ್ಲು. ಮಣ್ಣಿನಾಗೆ ಸತ್ವ ಇಲ್ಲ ಅಂದಿದ್ಲು. ಬಂತಾ ಇಲ್ವಾ?" ಮೇಧಾ ಕಾಳು ಬಾಯಿಗೆ ಹಾಕಿಕೊಂಡು "ನಲ್ಲ ಟೇಸ್ಟುಂಡು ಅಜ್ಜಾ" ಎಂದಳು. ರುಚಿಯಾಗಿದೆ ಎಂದದ್ದು ಅಪ್ಪನಿಗೂ ಅರ್ಥವಾಯಿತು. ಒಡೆದು ಒಡೆದು ಎಲ್ಲರಿಗೂ ಕೊಟ್ಟ, ತಾನೂ ತಿಂದ. ಅಷ್ಟು ದಿನದಿಂದ ಅಪ್ಪ ಸರಿಯಾಗಿ ಉಣ್ಣುತ್ತಿಲ್ಲವೆಂದು ಗೋಳಿಡುತ್ತಿದ್ದ ಸುಮಂತ್ ನನ್ನ ಕಡೆ ನೋಡಿ ಹುಬ್ಬೇರಿಸಿದ.

ಈಗ ಕೇಳಬೇಕು, ಈಗಲೇ, ಎಂದು ನಾನು ಪಕ್ಕದಲ್ಲಿ ಕೂತೆ. "ಅಪ್ಪಾ, ಅವತ್ತು ನಾನು ಆಡಿದ ಮಾತು..."

"ಬಿಡವ್ವಾ ಅತ್ಲಾಗೆ. ನಿನ್ನ ಕೆಲಸ ಕೆಟ್ಟಿದ್ದು ದಿಟ ತಾನೆ? ಅಂದೆ. ನಾನಾಗಿದ್ರೆ ಹೊಡೀತಿದ್ದೆ." ಕೈಯಲ್ಲಿದ್ದ ಸಿಪ್ಪೆಯನ್ನು ಮಡಿಲಿಗೆ ಹಾಕಿಕೊಂಡ. "ನಂಗೆ ಅದಲ್ಲ ಕೊರೀತಿದ್ದಿದ್ದು. ನಿನ್ನ ಕೆಲಸಾನೂ ಕೆಡಿಸ್ದೆ, ಅದ್ರ ಕಾಯಿನೂ ತುಂಬ್ಲಿಲ್ಲ ಅಂದ್ರೆ ಇಬ್ಬರಿಗೂ ಆಗ್ದಂಗಾಯ್ತಲ್ಲ ಅಂತ. ಅದೇನಾರ ಜೊಳ್ಳಾಗಿದ್ರೆ ಇವತ್ತೇ ನಿನ್ನ ಜೊತೆ ಹೊರಟುಬಿಡಾನ ಅಂತಿದ್ದೆ. ಮುಂದಿನ ಸಲ ಇನ್ನೊಮ್ಮೆ ಮಾಡ್ಬೇಕಂತಲ್ಲ, ಸುಮಂತ ಹೇಳ್ದ. ಅದನ್ನ ಕಾಯ್ದು ಕೊಡಾನ, ಒಂದು ವರ್ಷಾಗ್ಲಿ ಎರಡು ವರ್ಷಾಗ್ಲಿ, ನಿನ್ನ ಮನೇಲೇ ಇದ್ದು ಹಗ್ಗ ಎಳೆದು ಕೊಡಾನ ಅಂತ. ಬಟ್ಟೆ ಸೈತ ಕಟ್ಟಿ ಇಟ್ಟಿದೀನಿ, ನೋಡಲ್ಲಿ."

ಸೋಫಾದ ಪಕ್ಕದಲ್ಲಿ ಅವನ ನೀಲಿ ಬ್ಯಾಗು, ಮೇಲೆ ಮಡಿಸಿಟ್ಟ ಟವೆಲ್ಲು.

"ಇನ್ಯಾಕೆ ಅದೆಲ್ಲ," ಎಂದು ಅಪ್ಪ ನಕ್ಕ. "ನನ್ನ ಮಳೆ ದಂಡ ಆಗ್ಲಿಲ್ಲ. ಹಗ್ಗ ಎಳಿಯೋದು ನನ್ನ ಕೈಯಾಗ ಆಗೋ ಕೆಲಸ ಅಲ್ಲ ಕಣವ್ವಾ, ಮತ್ತೆ ಮಳೆ ಬಂದ್ರೆ ಮತ್ತೆ ಹಂಗೇ ನಿಂತ್ಬಿಡ್ತೀನಿ. ಊರಿಗೆ ಹೋಗ್ತೀನಿ. ಮುಂಗಾರು ಹತ್ರ ಬಂತು, ತಮ್ಮನ ಮಕ್ಕಳು ಬಿತ್ತೋವಾಗ ಬದುವಿನ ಮ್ಯಾಲೆ ಕುಂತಿದ್ರೂ ಸಾಕು. ಈಗ ಮನಸ್ಸು ಹಗುರಾಗೈತೆ. ಊಟ ಸೇರ್ತೈತೆ."

ಒಂದೇ ಮಾತು ಬೇಕಾಗಿತ್ತು. ಜೊಳ್ಳು ಅಪ್ಪಾ, ಎಲ್ಲ ಜೊಳ್ಳು, ಒಂದೊಂದೂ ಒತ್ತಿ ನೋಡಿದ್ದೇನೆ. ಅಷ್ಟೆಂದಿದ್ದರೆ ಆ ಬ್ಯಾಗು ನನ್ನ ಜೊತೆ ಬರುತ್ತಿತ್ತು. ಸಂಜೆ ಬಾಗಿಲು ತೆಗೆಯಲು ಒಳಗೊಬ್ಬರು ಇರುತ್ತಿದ್ದರು. ಮಾತು ನಾಲಿಗೆಯ ತುದಿಗೆ ಬಂದಿತ್ತು, ಬಾಯಿಯನ್ನೂ ತೆರೆದೆ. ಅಪ್ಪ ಇನ್ನೊಂದು ಕಾಯಿ ಒಡೆದು, ಕಾಳಿನ ಸಿಪ್ಪೆಯನ್ನು ಉಫ್ ಎಂದು ಊದಿ, ನನ್ನ ತೆರೆದ ಬಾಯಿಗೇ ಹಾಕಿದ. ಅಮ್ಮ ಹೋದ ಮೇಲೆ ಅವನ ಮುಖ ಇಷ್ಟು ತಿಳಿಯಾಗಿದ್ದದ್ದನ್ನು ನಾನು ನೋಡಿರಲಿಲ್ಲ. ಅಗಿದು ನುಂಗಿದೆ.

ಸುಮಂತ್ ಫೋನ್ ತೆಗೆದು ಟಿಕೆಟ್ ನೋಡತೊಡಗಿದ. "ಯಾವತ್ತಿಗೆ ಮಾಡ್ಸ್ಲಪ್ಪಾ?"

"ಅಕ್ಕನ್ನ ಕೇಳು. ರೈಲು ಹತ್ಸಕ್ಕೆ ಅವಳೂ ಬರ್ಬೇಕಲ್ಲ. ನೀನೇ ಹೇಳವ್ವಾ, ಯಾವತ್ತು?"

ಇಬ್ಬರೂ ನನ್ನ ಮುಖ ನೋಡಿದರು.

"ಬರೋ ಭಾನುವಾರಕ್ಕೆ ಮಾಡ್ಸು," ಎಂದೆ.